ಸೆಸ್ನಾ 172ರ ಗಾಳಿಕಿಂಡಿಯನ್ನು ನಾವೇ ಸರಿಮಾಡಿದ್ದು ಹೀಗೆ

ಕಳೆದ ಡಿಸೆಂಬರಿನಲ್ಲಿ ಒಂದು ಶನಿವಾರ ನಮ್ಮ ಸಣ್ಣ ವಿಮಾನ ಸೆಸ್ನಾ 172ರಲ್ಲಿ ಲಿವರ್‌ಮೋರ್‌ನಿಂದ ರೆಡ್ಡಿಂಗ್‌ಗೆ ಹೊರಟಿದ್ದೆವು. ಕ್ಯಾಲಿಫೋರ್ನಿಯಾದ ನಡುಗಣ ಕಣಿವೆಯ ಮೇಲೆ ಉತ್ತರದ ದಾರಿ, 6,500 ಅಡಿ ಎತ್ತರ, ಹೊರಗೆ ಹೆಚ್ಚುಕಮ್ಮಿ ಸೊನ್ನೆ ಡಿಗ್ರಿ. ಹೀಟರ್ ಗುಬ್ಬಿಯನ್ನು ಪೂರ್ತಿ ಎಳೆದಿಟ್ಟಿದ್ದೆ. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಹೋಗಿದ್ದಳು. ವಿಲ್ಲೋಸ್ ಊರು ಕಾಣುವ ಹೊತ್ತಿಗೆ ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಅಳೆಯುವ ಮೀಟರ್ ಕಿರುಚಿಕೊಂಡಿತು. 52 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 52 ಭಾಗ. ಹೀಟರ್ ಮುಚ್ಚು, ಗಾಳಿಕಿಂಡಿ ತೆರೆ, ಹತ್ತಿರದ ರನ್‌ವೇ ನೋಡು: ಕಲಿತದ್ದು ತಾನಾಗಿಯೇ ಕೈಗೆ ಬಂತು. ಹೀಟರ್ ಮುಚ್ಚಿದೆ. ತಲೆಯ ಪಕ್ಕದ ಎಡ ಗಾಳಿಕಿಂಡಿಯ ಟೋಪಿ ಹಿಡಿದು ಎಳೆದೆ. ಬರಲಿಲ್ಲ. ಜೋರಾಗಿ ಎಳೆದಾಗ ಟೋಪಿ ಮುರಿದು ಕೈಗೆ ಬಂತು, ಕೊಳವೆ ಅಲ್ಲೇ ಉಳಿಯಿತು.

ಬಲಗಡೆಯದನ್ನು ಗಂಡ ಎಳೆದರು, ಅದು ತೆರೆದುಕೊಂಡಿತು. ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ನನ್ನ ಕಿಟಕಿಯನ್ನೂ ತೆರೆದೆ. ಮೀಟರಿನ ಅಂಕಿ ಇಳಿಯುತ್ತಾ ಬಂತು. ವಿಲ್ಲೋಸ್‌ನ ರನ್‌ವೇಯಲ್ಲಿ ಇಳಿದು ಎಂಜಿನ್ ನಿಲ್ಲಿಸಿದಾಗ ಮೊದಲು ಮಾಡಿದ ಕೆಲಸ ಮಗಳನ್ನು ಎಬ್ಬಿಸಿ ಹೆಸರು ಹೇಳಿಸಿದ್ದು. ಅವಳು ಸಿಟ್ಟಿನಿಂದ ಹೆಸರು ಹೇಳಿದಳು. ಅಷ್ಟು ಸಾಕಿತ್ತು.

ಸೈಲೆನ್ಸರಿನಲ್ಲಿ ಬೆಸುಗೆಯ ಪಕ್ಕ ಬಿರುಕು ಬಿಟ್ಟಿತ್ತು. ಅದು ಪರವಾನಗಿ ಇರುವ ಮೆಕ್ಯಾನಿಕ್‌ನ ಕೆಲಸ, ಅವರೇ ಬದಲಾಯಿಸಿದರು. ಆದರೆ ತೆರೆಯದ ಆ ಗಾಳಿಕಿಂಡಿ ನನ್ನ ನಿದ್ದೆ ಕೆಡಿಸಿತು. ಬಿಚ್ಚಿ ನೋಡಿದರೆ ಒಳಗೆ ಒಂದು ತುಂಡು ಸ್ಪಂಜು ತುರುಕಿ, ಕೊಳವೆಯ ಸುತ್ತ ಸಿಲಿಕೋನ್ ಮೆತ್ತಿದ್ದರು. ಅದರ ಹಿಂದಿನ ವರ್ಷ, ಚಳಿಗಾಲದಲ್ಲಿ ಕಿವಿಗೆ ಗಾಳಿ ಹೊಡೆಯುತ್ತದೆ ಎಂದು ಒಂದು ವರ್ಕ್‌ಶಾಪಿನಲ್ಲಿ ನಾವು ದೂರಿದ್ದೆವು. ಅವರು ಕಂಡುಕೊಂಡ ಪರಿಹಾರ ಅದು. ಲಾಗ್‌ಬುಕ್ಕಿನಲ್ಲಿ ಒಂದು ಸಾಲೂ ಇರಲಿಲ್ಲ. ಈ ಸಿಟ್ಟು ನನಗೆ ಇನ್ನೂ ಆರಿಲ್ಲ. ಇಲ್ಲಿ ಬರೆಯುತ್ತಿರುವುದು ಅದಕ್ಕಾಗಿಯೇ: ಗಾಳಿಕಿಂಡಿ ಸೋರಿದರೆ ಅದನ್ನು ಮುಚ್ಚಿಬಿಡಬೇಡಿ, ಸರಿಮಾಡಿ. ಅರ್ಧ ದಿನದ ಕೆಲಸ, ಅಂಟು ಆರಲು ಒಂದು ರಾತ್ರಿ.

ನಮ್ಮದು 1975ರ ಸೆಸ್ನಾ 172ಎಂ, 150 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್. ಮೂವರು ಸೇರಿ ಕೊಂಡದ್ದು. ಹ್ಯಾಂಗರ್ ಇಲ್ಲ, ಬಯಲಿನಲ್ಲೇ ಕಟ್ಟಿ ನಿಲ್ಲಿಸುತ್ತೇವೆ, ಕೆಲಸಕ್ಕೆ ಮಾತ್ರ ಗೆಳೆಯರ ಹ್ಯಾಂಗರಿನಲ್ಲಿ ಜಾಗ ಕೇಳುತ್ತೇವೆ. ಬೇರೆ ವರ್ಷದ 172, ಅಥವಾ ಸೆಸ್ನಾದ್ದೇ 150, 182 ಮಾದರಿ ಇದ್ದವರಿಗೂ ಬಹುಪಾಲು ಇದೇ ರಚನೆ. ಆದರೆ ನಿಮ್ಮ ಸೀರಿಯಲ್ ನಂಬರಿಗೆ ಹೊಂದುವ ಸರ್ವಿಸ್ ಮ್ಯಾನ್ಯುಯಲ್ ಮತ್ತು ಪಾರ್ಟ್ಸ್ ಕ್ಯಾಟಲಾಗ್ ಪಕ್ಕದಲ್ಲಿಟ್ಟುಕೊಂಡೇ ಕೈ ಹಾಕಿ.

ಮೊದಲು ಗಾಳಿ ಬರುವ ದಾರಿ. ಎರಡೂ ರೆಕ್ಕೆಗಳು ದೇಹಕ್ಕೆ ಸೇರುವ ಜಾಗದಲ್ಲಿ, ಮುಂದಿನ ಅಂಚಿನಲ್ಲಿ ಒಂದೊಂದು ತೂತಿದೆ. ಅಲ್ಲಿ ಹೊಕ್ಕ ಗಾಳಿ ಒಂದು ಗಿಡ್ಡ ದಾರಿಯಲ್ಲಿ ಕ್ಯಾಬಿನ್ನಿಗೆ ಬರುತ್ತದೆ, ಮುಂಗಾಜಿನ ಮೇಲ್ಮೂಲೆಯಲ್ಲಿ. ಅಲ್ಲಿ ಒಂದು ಗೂಡು, ಗೂಡಿನೊಳಗೆ ಜಾರುವ ಪ್ಲಾಸ್ಟಿಕ್ ಕೊಳವೆ. ಕೊಳವೆಯ ಒಂದು ಪಕ್ಕ ಕೊರೆದು ತೆಗೆದಿರುತ್ತಾರೆ. ಹೊರಗೆಳೆದರೆ ಆ ಪಕ್ಕದಿಂದ ಗಾಳಿ ಬರುತ್ತದೆ, ತಿರುಗಿಸಿದರೆ ದಿಕ್ಕು ಬದಲಾಗುತ್ತದೆ, ಒಳಗೆ ತಳ್ಳಿದರೆ ಟೋಪಿ ಬಾಯಿ ಮುಚ್ಚುತ್ತದೆ. ಇದಕ್ಕಿಂತ ಸರಳವಾದ ಯಂತ್ರ ವಿಮಾನದಲ್ಲಿ ಮತ್ತೊಂದಿಲ್ಲ. ಕೊಳವೆಗೂ ಗೂಡಿಗೂ ನಡುವೆ ಒಂದು ಸೀಲ್ ಇರುತ್ತದೆ. ನಮ್ಮದರಲ್ಲಿ ಅದು ಫೆಲ್ಟ್ ಬಟ್ಟೆಯ ಪಟ್ಟಿ. ಎಲ್ಲ ರಗಳೆಯೂ ಸಾಮಾನ್ಯವಾಗಿ ಆ ಪಟ್ಟಿಯಿಂದಲೇ ಶುರು.

ಹಿಂದಿನ ಸೀಟಿನವರಿಗೆ ಬೇರೆ ಕಿಂಡಿಗಳಿರಬಹುದು. ಅವಕ್ಕೆ ರೆಕ್ಕೆಯ ಬುಡದಲ್ಲಿ ಒಂದು ಪೆಟ್ಟಿಗೆಯಿದೆ. ಗಾಳಿ ಅಲ್ಲಿ ಹರಡಿಕೊಂಡು ಸದ್ದು ಕಡಿಮೆಯಾಗಲಿ ಎಂದು. ಗಾಳಿ ಹೊಗುವ ತೂತಿನಲ್ಲಿ ಫಿಲ್ಟರ್ ಇದ್ದರೆ ಅದೂ ಮುಖ್ಯವಾಗಿ ಸದ್ದು ತಗ್ಗಿಸಲು ಇಟ್ಟದ್ದು ಎಂದು ಸೆಸ್ನಾದ ಮ್ಯಾನ್ಯುಯಲ್ಲೇ ಹೇಳುತ್ತದೆ, ಧೂಳು ತಡೆಯಲು ಅಲ್ಲ.

ಹೀಟರಿನ ದಾರಿ ಪೂರ್ತಿ ಬೇರೆ. ಬಿಸಿ ಸೈಲೆನ್ಸರಿನ ಸುತ್ತ ಒಂದು ತಗಡಿನ ಕವಚ, ಅದರ ನಡುವೆ ಹಾದುಬಂದ ಗಾಳಿಯೇ ನಮ್ಮ ಕಾಲಿಗೆ ಬೆಚ್ಚಗೆ ಬರುವುದು. ಸೈಲೆನ್ಸರ್ ಬಿರುಕು ಬಿಟ್ಟರೆ ಹೊಗೆ ಅದೇ ದಾರಿ ಹಿಡಿದು ಒಳಗೆ ಬರುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. 2019ರ ಜನವರಿ 21ರ ರಾತ್ರಿ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಅವರಿದ್ದ ಪೈಪರ್ ಮಾಲಿಬು ಇಂಗ್ಲಿಷ್ ಕಾಲುವೆಯಲ್ಲಿ ಬಿತ್ತು. ಅವರ ರಕ್ತದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್, ಅಂದರೆ ಈ ಅನಿಲ ಅಂಟಿದ ಹಿಮೋಗ್ಲೋಬಿನ್, ಶೇ 58 ಇತ್ತು. ಪೈಲಟ್ ಕೂಡ ಅದೇ ಅನಿಲಕ್ಕೆ ಸಿಕ್ಕಿರಬೇಕೆಂದು ಬ್ರಿಟನ್ನಿನ ತನಿಖಾ ಸಂಸ್ಥೆ ಹೇಳಿತು. ವಿಲ್ಲೋಸ್‌ನಿಂದ ಮನೆಗೆ ಬಂದ ಮೇಲೆ ಆ ವರದಿಯನ್ನು ಮತ್ತೆ ಓದಿದೆ. ಸಾವಿರಾರು ಅಡಿ ಮೇಲಿರುವಾಗ ಹೀಟರ್ ಮುಚ್ಚಿದ ಮೇಲೆ ಶುದ್ಧ ಗಾಳಿ ತರುವ ಮುಖ್ಯ ದಾರಿ ಈ ಕಿಂಡಿಗಳು. ಅವು ಸಲೀಸಾಗಿ ತೆರೆಯಬೇಕು.

ಈ ಕೆಲಸ ಯಾರು ಮಾಡಬಹುದು? ಅಮೆರಿಕದಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎಯ ನಿಯಮಗಳ ಭಾಗ 43ರ ಅನುಬಂಧ ‘ಎ’ಯಲ್ಲಿ ಮುಂಜಾಗ್ರತೆ ನಿರ್ವಹಣೆಯ ಪಟ್ಟಿ ಇದೆ. ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಅಥವಾ ಅದಕ್ಕಿಂತ ಮೇಲಿನದು ಇರುವ ಮಾಲೀಕರು, ವಿಮಾನ ಬಾಡಿಗೆ ಸಾಗಣೆಗೆ ಬಳಕೆಯಾಗದಿದ್ದರೆ, ಆ ಪಟ್ಟಿಯ ಕೆಲಸಗಳನ್ನು ತಾವೇ ಮಾಡಿ ಸಹಿ ಹಾಕಬಹುದು. ಕ್ಯಾಬಿನ್ನಿನ ಒಳಗಿನ ಅಲಂಕಾರ ಮತ್ತು ಹೊದಿಕೆಯ ರಿಪೇರಿ, ರಚನೆಗೆ ಸೇರದ ಮುಚ್ಚಳಗಳ ಸಣ್ಣ ರಿಪೇರಿ, ಹೈಡ್ರಾಲಿಕ್ ಅಲ್ಲದ ಹೋಸ್‌ಗಳ ಬದಲಾವಣೆ, ಇವು ಅದರಲ್ಲಿವೆ. ಕಲಿಯುತ್ತಿರುವ ಸ್ಟೂಡೆಂಟ್ ಪೈಲಟ್‌ಗಳಿಗೆ ಈ ಅವಕಾಶವಿಲ್ಲ. ಆದರೂ ಮೊದಲ ಸಲ ನಾನು ನಮ್ಮ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಏನೇನು ಬಿಚ್ಚುತ್ತೇನೆ ಎಂದು ಹೇಳಿ, ಅವರು ಸರಿ ಅಂದ ಮೇಲೆ ಶುರು ಮಾಡಿದೆ. ಮುಗಿದ ಮೇಲೆ ಅವರೇ ಬಂದು ಟಾರ್ಚ್ ಹಾಕಿ ನೋಡಿದರು. ಜಕ್ಕೂರಿನಲ್ಲೋ ಮೈಸೂರಿನಲ್ಲೋ ಹಾರುವವರು ಓದುತ್ತಿದ್ದರೆ, ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮ ಬೇರೆ. ನಿಮ್ಮ ಎಎಂಇ, ಅಂದರೆ ಪರವಾನಗಿ ಇರುವ ವಿಮಾನ ನಿರ್ವಹಣಾ ಎಂಜಿನಿಯರ್, ಇಲ್ಲದೆ ಸ್ಕ್ರೂಡ್ರೈವರ್ ಮುಟ್ಟಬೇಡಿ. ಆದರೆ ಅವರ ಜೊತೆ ನಿಂತು ನೋಡಲು, ಕೇಳಲು ಇಲ್ಲಿನ ವಿವರ ಉಪಯೋಗಕ್ಕೆ ಬರುತ್ತದೆ.

ರೋಗ ಗುರುತಿಸುವುದು. ಹಾರಾಟದಲ್ಲಿ ಸೀಟಿ ಕೇಳಿಸಿದರೆ ಸೀಲ್ ಸವೆದಿದೆ, ಸಣ್ಣ ಸಂದಿಯಿಂದ ಗಾಳಿ ನುಗ್ಗುತ್ತಿದೆ. 110 ನಾಟ್ ವೇಗದಲ್ಲಿ ಆ ತೂತಿಗೆ ಬಡಿಯುವ ಗಾಳಿಯ ಒತ್ತಡ ನೆಲಮಟ್ಟದ ಲೆಕ್ಕದಲ್ಲಿ ಸುಮಾರು 20 ಸೆಂಟಿಮೀಟರ್ ನೀರಿನ ಕಂಬದಷ್ಟು. ಕೂದಲೆಳೆಯ ಸಂದಿ ಇದ್ದರೂ ಸಾಕು, ಕೊಳಲು ಊದಿದಂತಾಗುತ್ತದೆ. ಕೊಳವೆ ತಾನೇ ಹೊರಗೆ ಜಾರುತ್ತಿದ್ದರೂ ಅದೇ ಕಾರಣ, ಹಿಡಿತ ಹೋಗಿದೆ. ಮಳೆಯಲ್ಲಿ ಮೊಣಕಾಲಿನ ಮೇಲೆ ನೀರು ತೊಟ್ಟಿಕ್ಕಿದರೆ ಸೀಲ್ ಆಗಿರಬಹುದು, ಗಾಳಿ ತರುವ ಒಳಗಿನ ಹೋಸ್ ಹರಿದಿರಬಹುದು, ಮುಂಗಾಜಿನ ಅಂಚಿನ ಸೀಲಂಟ್ ಕೂಡ ಆಗಿರಬಹುದು. ಈ ಮೂರನೆಯದು ನಿಮ್ಮ ಕೆಲಸವಲ್ಲ. ಪೂರ್ತಿ ತೆರೆದರೂ ಗಾಳಿ ಬರದಿದ್ದರೆ ದಾರಿಯಲ್ಲಿ ಏನೋ ಕೂತಿದೆ.

ಏನು ಕೂತಿರುತ್ತದೆ ಎಂಬುದಕ್ಕೆ ನಮ್ಮ ಬಲಗಡೆಯ ತೂತು ಸಾಕ್ಷಿ. ಎಡಗಡೆಯದನ್ನು ಬಿಚ್ಚಿದ ದಿನವೇ ಅದನ್ನೂ ನೋಡೋಣ ಎಂದು ಟಾರ್ಚ್ ಹಿಡಿದೆ. ಒಳಗೋಡೆಗೆ ಬೆರಳುದ್ದದ ಮಣ್ಣಿನ ನಾಳಗಳು, ಒಂದರ ಪಕ್ಕ ಒಂದು, ಬೆರಳಲ್ಲಿ ನುಣ್ಣಗೆ ಸವರಿದಂತೆ. ನಮ್ಮೂರು ತಿಪಟೂರಿನ ಕಡೆ ಗೋಡೆಗೆ, ದೇವರ ಪಟದ ಹಿಂದೆ ಕಟ್ಟುವ ಕುಂಬಾರ ಹುಳದ ಗೂಡು ಹೇಗಿರುತ್ತದೋ ಹಾಗೆಯೇ. ಇಲ್ಲಿಯೂ ಆ ಜಾತಿಯ ಕಣಜಗಳಿವೆ. ಮರದ ಕಡ್ಡಿಯಿಂದ ಒಂದು ನಾಳ ಬಿಡಿಸಿದೆ. ಒಳಗೆ ಸಣ್ಣ ಸಣ್ಣ ಜೇಡಗಳು ಒತ್ತಾಗಿ ತುಂಬಿದ್ದವು, ಕಾಲು ಮಡಚಿಕೊಂಡು. ಮರಿ ಹುಳಕ್ಕೆ ಬುತ್ತಿ. ಅರ್ಧ ಬಾಯಿ ಮುಚ್ಚಿಹೋಗಿದ್ದ ಆ ಕಿಂಡಿಯೇ ವಿಲ್ಲೋಸ್‌ನ ಮೇಲೆ ನಮ್ಮನ್ನು ಕಾಪಾಡಿದ್ದು. ಪೂರ್ತಿ ಮುಚ್ಚಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತಾ ಬಹಳ ಹೊತ್ತು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ.

ಕೆಲಸಕ್ಕೆ ಬೇಕಾದದ್ದು ಹೆಚ್ಚೇನಿಲ್ಲ. ಒಳ್ಳೆಯ ಫಿಲಿಪ್ಸ್ ಸ್ಕ್ರೂಡ್ರೈವರ್, ಟಾರ್ಚ್, ಹಲ್ಲು ನೋಡುವವರು ಹಿಡಿಯುವಂಥ ಸಣ್ಣ ಕನ್ನಡಿ, ಮರದ ಅಥವಾ ಪ್ಲಾಸ್ಟಿಕ್ ಕೆರೆಯುವ ಪಟ್ಟಿ, ವರ್ನಿಯರ್ ಕ್ಯಾಲಿಪರ್, ಚೂಪು ಬ್ಲೇಡು, ಸೈಡ್ ಕಟರ್, ಕಾಂಟ್ಯಾಕ್ಟ್ ಸಿಮೆಂಟ್, ಫೆಲ್ಟ್, ಹೋಸ್, ಕ್ಲ್ಯಾಂಪ್. ಮತ್ತೆ ಒಂದು ಖಾಲಿ ಮೊಟ್ಟೆ ಟ್ರೇ. ಪ್ರತಿ ಗುಳಿಯಲ್ಲೂ ಯಾವ ಜಾಗದ ಸ್ಕ್ರೂ ಎಂದು ಚೀಟಿ ಬರೆದು ಇಡಿ. ಬಿಚ್ಚಿದ್ದೆಷ್ಟು, ಹಾಕಿದ್ದೆಷ್ಟು ಎಂಬ ಲೆಕ್ಕ ಕೊನೆಗೆ ತಾಳೆಯಾಗಲೇಬೇಕು. ಏಕೆಂದರೆ ನೀವು ಕೆಲಸ ಮಾಡುವ ಜಾಗದ ಪಕ್ಕದಲ್ಲೇ, ಮುಂಬಾಗಿಲ ಕಂಬದೊಳಗೆ, ಏಲರಾನ್‌ಗಳ (ವಿಮಾನವನ್ನು ಎಡಬಲಕ್ಕೆ ವಾಲಿಸುವ, ರೆಕ್ಕೆಯಂಚಿನ ಹಲಗೆಗಳು) ಕೇಬಲ್‌ಗಳು ಮೇಲಕ್ಕೆ ಹೋಗುತ್ತವೆ. ಬಿದ್ದುಹೋದ ಒಂದು ಸ್ಕ್ರೂ ರಾಟೆಗೆ ಸಿಕ್ಕಿಕೊಂಡರೆ ಗಾಳಿಕಿಂಡಿಯ ಚಿಂತೆಯೇ ಇರುವುದಿಲ್ಲ.

ಶುರು ಮಾಡುವ ಮುನ್ನ ಮಾಸ್ಟರ್ ಸ್ವಿಚ್ ಆಫ್, ಕೀ ಜೇಬಿನಲ್ಲಿ. ಮುಂಗಾಜಿಗೆ ದಪ್ಪ ಹತ್ತಿಬಟ್ಟೆ ಹೊದಿಸಿ ಟೇಪ್ ಹಾಕಿ. ಈ ಗಾಜು ಗಾಜಲ್ಲ, ಅಕ್ರಿಲಿಕ್. ಅಸಿಟೋನ್, ಥಿನ್ನರ್, ಪೆಟ್ರೋಲ್, ಆಲ್ಕೋಹಾಲ್, ಮನೆಯ ಕಿಟಕಿ ಒರೆಸುವ ದ್ರಾವಣ, ಇವುಗಳ ಒಂದು ಹನಿ ಬಿದ್ದರೂ ಜೇಡರಬಲೆಯಂಥ ಸೂಕ್ಷ್ಮ ಬಿರುಕು ಬರಬಹುದು. ಹಾಗಾಗಿ ನನ್ನ ನಿಯಮ: ದ್ರಾವಣ ಹಚ್ಚುವ ಕೆಲಸವೆಲ್ಲ ಬೆಂಚಿನ ಮೇಲೆ, ವಿಮಾನದೊಳಗೆ ಬರೀ ಸೋಪು ನೀರು ಮತ್ತು ಒಣಬಟ್ಟೆ.

ಇನ್ನೊಂದು ಮಾತು, ನಮ್ಮವರಿಗಾಗಿಯೇ. ಮನೆಯಲ್ಲಿ ಕಿಟಕಿಯ ಸಂದಿ ಹುಡುಕಲು ಊದಿನಕಡ್ಡಿ ಹಿಡಿಯುತ್ತೇವೆ, ಹೊಗೆ ಎತ್ತ ಬಾಗುತ್ತದೆ ನೋಡುತ್ತೇವೆ. ಇಲ್ಲಿ ಅದು ಬೇಡವೇ ಬೇಡ. ನಿಮ್ಮ ತಲೆಯ ಮೇಲಿನ ರೆಕ್ಕೆಯಲ್ಲೇ ಪೆಟ್ರೋಲ್ ಟ್ಯಾಂಕ್ ಇದೆ, ಟ್ಯಾಂಕಿನ ಮಟ್ಟ ತೋರಿಸುವ ಸೆಂಡರ್ ರೆಕ್ಕೆಯ ಬುಡದ ಕಡೆಯೇ ಇದೆ. ಬುಡದ ಮುಚ್ಚಳ ತೆಗೆದಾಗ ನೀಲಿ ಕಲೆ ಕಂಡರೆ, ಪೆಟ್ರೋಲ್ ವಾಸನೆ ಬಂದರೆ, ಅಲ್ಲಿಗೇ ನಿಲ್ಲಿಸಿ. 100 ಎಲ್ಎಲ್ ಇಂಧನಕ್ಕೆ ನೀಲಿ ಬಣ್ಣ ಬೆರೆಸಿರುತ್ತಾರೆ, ಸೋರಿ ಒಣಗಿದಲ್ಲಿ ಆ ಬಣ್ಣ ಉಳಿಯುತ್ತದೆ. ಅದು ಮೆಕ್ಯಾನಿಕ್‌ನ ಕೆಲಸ, ಅದು ಮುಗಿಯದೆ ಹಾರುವಂತಿಲ್ಲ.

ಈಗ ಕೊಳವೆ. ಟೋಪಿ ಹಿಡಿದು ತಿರುಗಿಸುತ್ತಾ ಎಳೆಯಿರಿ. 50 ವರ್ಷ ಬಿಸಿಲು ತಿಂದ ಪ್ಲಾಸ್ಟಿಕ್, ಒಣ ಹಪ್ಪಳದ ಹಾಗೆ. ನೇರ ಎಳೆದರೆ ಮುರಿಯುತ್ತದೆ, ನನಗೆ ಆದದ್ದು ಅದೇ. ತಡೆಗೂಟ ಇದ್ದರೆ ಯಾವ ಕೋನದಲ್ಲಿ ಬಿಡುತ್ತದೆ ಎಂದು ಹುಡುಕಿ. ನಮ್ಮದರಲ್ಲಿ ಬಲ ಕೊಳವೆಯ ಮೂಲಕ ಹೊರಗಿನ ತಾಪಮಾಪಕದ ಕಡ್ಡಿಯೂ ಹಾದುಹೋಗುತ್ತದೆ, ಅದನ್ನು ಮೊದಲು ಬಿಡಿಸಬೇಕಾಯಿತು. ಕೊಳವೆ ಬಂದ ಮೇಲೆ ಗೂಡಿನ ಸುತ್ತಲ ಪ್ಲಾಸ್ಟಿಕ್ ಹೊದಿಕೆಯ ಸ್ಕ್ರೂ ಬಿಚ್ಚಿ. ಹೊದಿಕೆಯನ್ನು ಬಾಗಿಸಬೇಡಿ. ತಣ್ಣಗಿರುವಾಗ ಅದು ಬಿರುಕು ಬಿಡುವ ಸಾಧ್ಯತೆ ಹೆಚ್ಚು, ಬಿಸಿಲೇರಿದ ಮೇಲೆ ಕೆಲಸ ಮಾಡುವುದು ಒಳ್ಳೆಯದು.

ನಮ್ಮ ಎಡ ಗೂಡಿನಲ್ಲಿದ್ದ ಹಳೆಯ ಫೆಲ್ಟ್ ಬೆರಳಿಗೆ ಬಂದದ್ದು ಕೊಬ್ಬರಿ ನಾರಿನ ಪುಡಿಯ ಹಾಗೆ. ಒಂದು ಕಡೆ ಪೂರ್ತಿ ಸವೆದು ಲೋಹ ಹೊಳೆಯುತ್ತಿತ್ತು, ಎದುರು ಕಡೆ ಮಾತ್ರ ಗಟ್ಟಿಯಾಗಿ, ಕಪ್ಪಾಗಿ ಅಂಟಿಕೊಂಡಿತ್ತು. ಅದರ ಮೇಲೆ ಆ ಸಿಲಿಕೋನ್. ಮರದ ಪಟ್ಟಿಯಿಂದ ಕೆರೆದು ತೆಗೆಯಲು ಎರಡು ತಾಸು ಹಿಡಿಯಿತು. ಚೂಪು ಚಾಕು ಹಾಕಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು, ಆದರೆ ಅಲ್ಯೂಮಿನಿಯಮ್ ಗೀರು ಬೀಳುತ್ತದೆ, ಗೀರಿನಿಂದ ತುಕ್ಕು ಶುರುವಾಗುತ್ತದೆ. ಸಿಲಿಕೋನಿನ ಕೆಳಗೆ ಅಲ್ಲಲ್ಲಿ ಬಿಳಿ ಪುಡಿ ಆಗಲೇ ಕಂಡಿತು. ಅಂಗಡಿಯಲ್ಲಿ ಸಿಗುವ, ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಬಚ್ಚಲುಮನೆಗೆ ಸರಿ, ವಿಮಾನಕ್ಕೆ ಅಲ್ಲ.

ಹೊಸ ಫೆಲ್ಟ್ ಉಣ್ಣೆಯದೇ ಆಗಿರಲಿ. ನೋಡಲು ಒಂದೇ ಥರ ಇರುವ ಸಿಂಥೆಟಿಕ್ ಫೆಲ್ಟ್ ಕರಕುಶಲ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ವಿಮಾನದಿಂದ ದೂರ, ಮನೆಯ ಸಿಂಕಿನಲ್ಲಿ, ಒಂದು ಚೂರು ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಉಣ್ಣೆ ಸುಟ್ಟ ಕೂದಲಿನ ವಾಸನೆ ಬಿಟ್ಟು, ಕಡ್ಡಿ ತೆಗೆದ ಕೂಡಲೇ ಆರುತ್ತದೆ. ಸಿಂಥೆಟಿಕ್ ಕರಗಿ ತೊಟ್ಟಿಕ್ಕುತ್ತದೆ. ತಲೆಯ ಪಕ್ಕದಲ್ಲಿ ಯಾವುದಿರಬೇಕು ಎಂದು ಮತ್ತೆ ಹೇಳಬೇಕಿಲ್ಲ. ಬಾಗಿಲಿಗೆ ಅಂಟಿಸುವ ಸ್ಪಂಜಿನ ಪಟ್ಟಿಯೂ ಇದೇ ಕಾರಣಕ್ಕೆ ಬೇಡ. ನಿಮ್ಮ ಕ್ಯಾಟಲಾಗ್ ರಬ್ಬರ್ ಅಥವಾ ಕಾರ್ಕ್ ಸೀಲ್ ತೋರಿಸಿದರೆ ಅದನ್ನೇ ತರಿಸಿ.

ಗೂಡಿನ ಒಳವ್ಯಾಸ, ಕೊಳವೆಯ ಹೊರವ್ಯಾಸ ಎರಡನ್ನೂ ಕ್ಯಾಲಿಪರಿನಿಂದ ಅಳೆದು, ಕಳೆದು, ಅರ್ಧ ಮಾಡಿ. ಆ ಸಂದಿಗಿಂತ ಫೆಲ್ಟ್ ಸ್ವಲ್ಪವೇ ದಪ್ಪವಿರಬೇಕು. ನಮ್ಮದಕ್ಕೆ ಕಾಲಿಂಚಿನ ಅರ್ಧ, ಅಂದರೆ 1/8 ಇಂಚಿನದು ಸರಿಹೋಯಿತು.

ಪಟ್ಟಿ ಕತ್ತರಿಸುವಲ್ಲಿ ಒಂದು ಸೂಕ್ಷ್ಮ ಇದೆ. ನಮ್ಮಪ್ಪನಿಗೆ ತಿಪಟೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಪಂಪಿನ ಶಾಫ್ಟಿನ ಸುತ್ತ ಗ್ಲ್ಯಾಂಡ್ ಹಗ್ಗ ಹಾಕುವಾಗ ತುದಿಗಳನ್ನು ನೆಟ್ಟಗೆ ಕತ್ತರಿಸುತ್ತಿರಲಿಲ್ಲ, ಓರೆಯಾಗಿ ಕತ್ತರಿಸುತ್ತಿದ್ದರು, ಒಂದು ತುದಿ ಇನ್ನೊಂದರ ಮೇಲೆ ಕೂರುವ ಹಾಗೆ. ನೆಟ್ಟಗೆ ಕತ್ತರಿಸಿದರೆ ಹಗ್ಗ ಕುಗ್ಗಿದ ದಿನ ನಡುವೆ ಬಾಯಿ ಬಿಡುತ್ತದೆ, ನೀರು ಅಲ್ಲೇ ಚಿಮ್ಮುತ್ತದೆ. ಗಾಳಿಗೂ ಅದೇ ಲೆಕ್ಕ. ಬ್ಲೇಡನ್ನು 45 ಡಿಗ್ರಿ ಮಲಗಿಸಿ ಎರಡೂ ತುದಿಗಳನ್ನು ಓರೆಯಾಗಿ ಕೊಯ್ಯಿರಿ. ಎಂಟನೇ ಕ್ಲಾಸಿನಲ್ಲಿ ಅಪ್ಪ ನನ್ನ ಕೈಗೆ ಬ್ಲೇಡು ಕೊಟ್ಟು ಕಲಿಸಿದ್ದು, ಇಷ್ಟು ವರ್ಷದ ಮೇಲೆ ಈ ದೇಶದ ಹ್ಯಾಂಗರಿನಲ್ಲಿ ಕೈ ತಾನಾಗಿಯೇ ಮಾಡಿತು. ಫೋಟೋ ತೆಗೆದು ಕಳಿಸಿದೆ. ‘ಇನ್ನೂ ಸ್ವಲ್ಪ ಓರೆ ಬೇಕು’ ಎಂದು ಉತ್ತರ ಬಂತು. ಎರಡನೇ ಪಟ್ಟಿ ಹಾಗೇ ಕೊಯ್ದೆ, ಅದೇ ಚೆನ್ನಾಗಿ ಕೂತಿದೆ.

ಗೂಡಿಗೂ ಫೆಲ್ಟಿಗೂ ಕಾಂಟ್ಯಾಕ್ಟ್ ಸಿಮೆಂಟ್ ತೆಳ್ಳಗೆ ಸವರಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಆರಲು ಬಿಟ್ಟು, ಒತ್ತಿ. ಜೋಡಣೆ ಮೇಲ್ಭಾಗದಲ್ಲಿರಲಿ, ನೀರು ಕೆಳಗೆ ನಿಲ್ಲುತ್ತದೆ. ಹಾಗೇ ಒಂದು ರಾತ್ರಿ ಬಿಡಿ. ಮರುದಿನ ಕೊಳವೆ ಹಾಕಿ ನೋಡಿ: ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ಬರಬೇಕು, ಬಿಟ್ಟಲ್ಲಿ ನಿಲ್ಲಬೇಕು. ಬಿಗಿಯಾದರೆ ತೆಳು ಫೆಲ್ಟ್ ಹಾಕಿ. ಎಣ್ಣೆ ಹಾಕಿ ಸಲೀಸು ಮಾಡಲು ಹೋಗಬೇಡಿ, ಧೂಳು ಕಟ್ಟಿ ಆರು ತಿಂಗಳಲ್ಲಿ ಮತ್ತೆ ಕಚ್ಚಿಕೊಳ್ಳುತ್ತದೆ. ನಮ್ಮ ಎಂಟು ವರ್ಷದ ಮಗಳ ಕೈಯಲ್ಲಿ ಎಳೆಸಿ ನೋಡಿದೆ. ಅವಳ ಬಲಕ್ಕೆ ಬರುವಷ್ಟು ಹಗುರ ಇರಬೇಕು ಎಂಬುದು ನನ್ನ ಹಠ.

ಮುರಿದ ಕೊಳವೆಯನ್ನು ಅಂಟಿಸಿ ಕೂರಿಸಬೇಡಿ. ಎಫ್‌ಎಎ ಒಪ್ಪಿಗೆ ಪಡೆದ ಬದಲಿ ಭಾಗಗಳು, ಅಂದರೆ ಪಿಎಂಎ ಭಾಗಗಳು, ಸಿಗುತ್ತವೆ. ತ್ರೀಡಿ ಪ್ರಿಂಟರಿನಲ್ಲಿ ಮಾಡಿಕೊಳ್ಳೋಣ ಎಂದು ನಮ್ಮ ಪಾಲುದಾರರೊಬ್ಬರು ಹೇಳಿದರು. ಅಳತೆ ನೋಡಲೆಂದು ಒಂದನ್ನು ಪಿಎಲ್ಎ ಎಂಬ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿ ಡ್ಯಾಶ್‌ಬೋರ್ಡಿನ ಮೇಲಿಟ್ಟು ಹೋದರು. ಪಿಎಲ್ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಲಿವರ್‌ಮೋರ್‌ನ ಬಿಸಿಲಿನಲ್ಲಿ ಮುಚ್ಚಿದ ಕ್ಯಾಬಿನ್ನಿನಲ್ಲಿ ಅದು ಒಂದೇ ಮಧ್ಯಾಹ್ನಕ್ಕೆ ಬಾಳೆಲೆಯ ಹಾಗೆ ಬಾಡಿ ಮಲಗಿತ್ತು. ಹೊಸ ಕೊಳವೆ ತರಿಸಿದೆವು.

ಹೋಸ್ ವಿಷಯ. ರೆಕ್ಕೆಯ ಬುಡದ ಉದ್ದನೆಯ ಮುಚ್ಚಳ ತೆಗೆದರೆ ಕೈ ಹೋಗುವಷ್ಟು ಜಾಗ ಸಿಗುತ್ತದೆ. ಕನ್ನಡಿ ಹಿಡಿದು ಕೆಳಭಾಗ ನೋಡಿ, ಹರಿಯುವುದು ಅಲ್ಲೇ. ಕಪ್ಪು ಬಣ್ಣದ್ದು ಕ್ಯಾಟ್ ಹೋಸ್, ಗಾಜಿನ ನಾರಿಗೆ ನಿಯೋಪ್ರೀನ್ ಲೇಪಿಸಿದ್ದು, ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ಕೆಂಪು ಕಿತ್ತಳೆಯದು ಸ್ಕ್ಯಾಟ್, ಸಿಲಿಕೋನ್ ಲೇಪ, ಸುಮಾರು 230 ಡಿಗ್ರಿವರೆಗೆ. ತಣ್ಣನೆ ಗಾಳಿಗೆ ಕಪ್ಪೇ ಸಾಕು, ಆದರೆ ಎಂಜಿನ್ ಕಡೆಯ ಬಿಸಿ ಗಾಳಿಗೆ ಕಪ್ಪು ಹಾಕುವಂತಿಲ್ಲ. ಕತ್ತರಿಸುವಾಗ ಬಟ್ಟೆಯನ್ನು ಬ್ಲೇಡಿನಿಂದ ಸುರುಳಿಯ ಗುಂಟ ಕೊಯ್ಯಿರಿ, ಒಳಗಿನ ತಂತಿಯನ್ನು ಸೈಡ್ ಕಟರಿನಿಂದ ತುಂಡರಿಸಿ, ತುದಿಯನ್ನು ಒಳಕ್ಕೆ ಮಡಚಿ. ಆ ತಂತಿ ತುದಿ ಬಿಟ್ಟರೆ ಪಕ್ಕದ ವಯರನ್ನು ಉಜ್ಜುತ್ತದೆ, ನಿಮ್ಮ ಬೆರಳನ್ನೂ ಬಿಡುವುದಿಲ್ಲ. ಹೋಸ್ ಎಲ್ಲಿಯೂ ಹೊಟ್ಟೆ ಬಿಟ್ಟು ಜೋತುಬೀಳಬಾರದು, ಮಳೆನೀರು ಅಲ್ಲಿ ನಿಲ್ಲುತ್ತದೆ. ಕೇಬಲ್ಲಿಗೆ ತಾಗಬಾರದು. ಕ್ಲ್ಯಾಂಪನ್ನು ಹೋಸ್ ತಿರುಗದಷ್ಟು ಬಿಗಿ ಮಾಡಿದರೆ ಸಾಕು.

ಎಲ್ಲ ಮುಚ್ಚುವ ಮುನ್ನ ಹ್ಯಾಂಗರಿನ ಬಾಗಿಲು ಎಳೆದು ದೀಪ ಆರಿಸಿ. ಒಬ್ಬರು ರೆಕ್ಕೆಯ ತೂತಿಗೆ ಟಾರ್ಚ್ ಹಿಡಿಯಲಿ, ನೀವು ಒಳಗೆ ಕೂತು ಕೊಳವೆಯ ಸುತ್ತ ನೋಡಿ. ಬೆಳಕು ಇಣುಕಿದಲ್ಲಿ ಗಾಳಿಯೂ ಇಣುಕುತ್ತದೆ. ನಮಗೆ ಎಡಗಡೆ ಏಳು ಗಂಟೆಯ ಜಾಗದಲ್ಲಿ ಒಂದು ಸೂಜಿಯಷ್ಟು ಬೆಳಕು ಕಂಡಿತು, ಫೆಲ್ಟ್ ಅಲ್ಲಿ ಸರಿಯಾಗಿ ಅಂಟಿರಲಿಲ್ಲ. ಆಮೇಲೆ ಸ್ಕ್ರೂ ಲೆಕ್ಕ. ಕೊನೆಗೆ ಕಂಟ್ರೋಲ್ ವ್ಹೀಲನ್ನು ಎರಡೂ ಕಡೆ ತುದಿ ಮುಟ್ಟುವವರೆಗೆ ತಿರುಗಿಸಿ, ಏಲರಾನ್‌ಗಳು ಸರಿಯಾದ ದಿಕ್ಕಿಗೆ, ಸದ್ದಿಲ್ಲದೆ ಚಲಿಸುತ್ತವೆಯೇ ನೋಡಿ. ಫ್ಲ್ಯಾಪ್ ಕೂಡ ಇಳಿಸಿ ಏರಿಸಿ. ಪೆಟ್ರೋಲ್ ಗೇಜ್, ಒಳಗಿನ ದೀಪ ಕೆಲಸ ಮಾಡುತ್ತವೆಯೇ ನೋಡಿ, ಅವುಗಳ ವಯರು ಆ ಕಡೆಯೇ ಓಡುತ್ತವೆ.

ಕಣಜಕ್ಕೆ ತಡೆ ಬೇಕೇ ಬೇಕು. ಜಾಲರಿ ಹಾಕುವ ಬದಲು ನಾವು ಕೆಂಪು ರಿಬ್ಬನ್ ಕಟ್ಟಿದ ಸ್ಪಂಜಿನ ಬಿರಟೆ ಮಾಡಿಸಿದೆವು, ವಿಮಾನ ನಿಂತಿರುವಾಗ ಎರಡೂ ತೂತಿಗೆ. ಎರಡೂ ಬಿರಟೆಗಳನ್ನು ಪಿಟೋ ಕವರಿನ (ವೇಗ ಅಳೆಯುವ ಕೊಳವೆಯ ಮುಚ್ಚಳ) ಜೊತೆ ಒಂದೇ ದಾರಕ್ಕೆ ಕಟ್ಟಿದ್ದೇವೆ, ಹಾರುವ ಮುನ್ನ ಮೂರೂ ಕೈಗೆ ಬಂದಿರಬೇಕು. ಅದರ ಜೊತೆಗೆ ಪ್ರತಿ ಹಾರಾಟಕ್ಕೂ ಮುನ್ನ ಎರಡೂ ಕೊಳವೆ ಎಳೆದು ತಳ್ಳುವುದನ್ನು ಚೆಕ್‌ಲಿಸ್ಟಿಗೆ ಬರೆದುಕೊಂಡಿದ್ದೇವೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಬದಲಾಗುವ ಚುಕ್ಕೆಯ ಕಾರ್ಡ್ ಸಾಲದು. ಅದನ್ನು ನೋಡುವುದು ನಿಮಗೆ ನೆನಪಾಗಬೇಕು, ಆ ಅನಿಲ ಮೊದಲು ಮಂಕು ಮಾಡುವುದು ಆ ನೆನಪನ್ನೇ. ಕೂಗುವ ಮೀಟರ್ ಇಟ್ಟುಕೊಳ್ಳಿ.

ಲಾಗ್‌ಬುಕ್ಕಿನಲ್ಲಿ ಮಾಡಿದ ಕೆಲಸದ ವಿವರ, ದಿನಾಂಕ, ಸಹಿ, ಸರ್ಟಿಫಿಕೇಟ್ ನಂಬರ್, ಅದರ ಬಗೆ ಬರೆಯಬೇಕು. ನಾನು ಅದರ ಜೊತೆ ತೆಗೆದುಹಾಕಿದ ಸ್ಪಂಜು ಮತ್ತು ಸಿಲಿಕೋನ್ ಎಲ್ಲಿತ್ತು ಎಂಬುದನ್ನೂ ಬರೆದೆ. ಮುಂದೆ ಈ ವಿಮಾನ ಕೊಳ್ಳುವವರಿಗೆ ಗೊತ್ತಿರಲಿ.

ಪರೀಕ್ಷೆಯ ಹಾರಾಟಕ್ಕೆ ಇಬ್ಬರು ಹೋಗಿ, ಒಬ್ಬರ ಕಣ್ಣು ಹೊರಗೇ ಇರಲಿ. ಪಾಲುದಾರರು ಹಾರಿಸಿದರು, ನಾನು ಟಿಶ್ಯೂ ಕಾಗದದ ಪಟ್ಟಿ ಹಿಡಿದು ಕೊಳವೆಯ ಸುತ್ತ ಆಡಿಸಿದೆ. ಮುಚ್ಚಿದಾಗ ಕಾಗದ ಅಲುಗಲಿಲ್ಲ. ಸೀಟಿ ಇಲ್ಲ. ಎಡಗಡೆಯದನ್ನು ಎರಡು ಬೆರಳಿನಲ್ಲಿ ಎಳೆದೆ, ಪಟ್ಟಿ ಕೈಯಿಂದ ಹಾರಿ ಹಿಂದಿನ ಸೀಟಿಗೆ ಹೋಯಿತು. ಹತ್ತು ಗಂಟೆ ಹಾರಿದ ಮೇಲೆ ಮುಚ್ಚಳ ತೆಗೆದು ಕ್ಲ್ಯಾಂಪ್‌ಗಳನ್ನು ಮತ್ತೊಮ್ಮೆ ನೋಡಿ, ಹೊಸ ಹೋಸ್ ಸ್ವಲ್ಪ ಕೂರುತ್ತದೆ. ನಮ್ಮ ಬಲಗಡೆಯ ಕ್ಲ್ಯಾಂಪಿನ ಸ್ಕ್ರೂ ಇನ್ನೂ ಅರ್ಧ ಸುತ್ತು ತಿರುಗಿತು.